ಆಕಾಶಗಡಿಗೆಯಲ್ಲಿ ಬಿದ್ದವರು

"ಕೇಳಿರಪ್ಪಾ ಕೇಳಿ. ಅರಸುಮಗಳು ಚುಕ್ಕೆದೇವಿ ಉಕ್ಕಿನ ಗಡಿಗೆಯಲ್ಲಿ ಕೂತು ನಕ್ಷತ್ರ ನೋಡಿಬರುವವಳಿದ್ದಾಳೆ. ಏರುವುದು ಸಲೀಸು, ಇಳಿಯುವುದೇ ಕಷ್ಟ. ಅವಳ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ಉತ್ತರ ಹೇಳಿದವನು ಅದರಂತೆಯೇ ಗಡಿಗೆ ಕಟ್ಟಿಸಿ, ಒಳಗೆ ಕೂತು ಗೋಪುರದಿಂದ ಬೀಳತಕ್ಕದ್ದು. ಸರಿಯೋ ತಪ್ಪೋ ನೆಲವೇ ಹೇಳುತ್ತದೆ."

ಹೀಗೆ ಡಂಗುರ ಸಾರಿತು. ಆ ಗೋಪುರದ ತುದಿಯಲ್ಲಿ ಯಾರಾದರೂ ಸೀನಿದರೆ ಬುಡದಲ್ಲಿದ್ದವರಿಗೆ ಮರುದಿನ ನೆಗಡಿ, ಅಷ್ಟು ಎತ್ತರ. ಬುಡದಲ್ಲಿ ಮುದ್ದೀರನ ಕೆಲಸ: ಗಡಿಗೆಯಿಂದ ಹೆಣ ಎತ್ತುವುದು, ತೊಳೆಯುವುದು, ಮನೆಯವರಿಗೆ ಒಪ್ಪಿಸುವುದು.

"ಬಿದ್ದಾಗ ಏನು ಮುರಿದರೆ ಒಳಗಿನವನು ಉಳಿಯುತ್ತಾನೆ?" ಚುಕ್ಕೆದೇವಿ ಮೊದಲ ರಾಜಕುಮಾರನನ್ನು ಕೇಳಿದಳು.

"ಏನೂ ಮುರಿಯಬಾರದು. ಇನ್ನಷ್ಟು ದಪ್ಪ ಉಕ್ಕು ಹಾಕಿಸಿ" ಎಂದ ಅವನು ಮೀಸೆ ತಿರುವಿ.

ಗಡಿಗೆಗೆ ಗೀರೂ ಬೀಳಲಿಲ್ಲ. ಅವನ ಬೆನ್ನು ಮುರಿದಿತ್ತು.

"ಒಬ್ಬನನ್ನು ಕಾಯುವ, ಇನ್ನೊಬ್ಬನನ್ನು ಕೊಲ್ಲುವ ಹಾಸಿಗೆ ಯಾವುದು?" ಎರಡನೆಯವನಿಗೆ ಕೇಳಿದಳು.

"ಹಂಸದ ಗರಿಯದು. ನಮ್ಮಂಥವರಿಗೆ ಸುಖ, ಬಡವನಿಗೆ ಅದರಲ್ಲಿ ನಿದ್ದೆಯೇ ಬಾರದೆ ಸಾವು."

ಗಡಿಗೆ ನೆಲಕ್ಕೆ ಬಿದ್ದಾಗ ಆ ಮೆತ್ತೆ ಅವನನ್ನು ಚೆಂಡಿನಂತೆ ಚಿಮ್ಮಿಸಿ ಗಡಿಗೆಯ ಸೂರಿಗೆ ಬಡಿಯಿತು. ಮುದ್ದೀರ ಅವನ ಕಣ್ಣು ಮುಚ್ಚಿದ.

ಮಿಕ್ಕ ವರರ ಕುದುರೆಗಳು ಬಂದ ದಾರಿ ಹಿಡಿದವು. ಅರಸ ಕೆಳಗೆ ನೋಡಿದ. "ಲೋ, ನೀನು ಬಾ."

"ನಾನು ಹೆಣ ಎತ್ತುವವನು, ಮಹಾಸ್ವಾಮಿ."

"ಬಾರದಿದ್ದರೆ ಗಡಿಗೆಯಿಲ್ಲದೆಯೇ ತಳ್ಳಿಸುತ್ತೇನೆ."

ಮುದ್ದೀರ ಕೈ ಒರೆಸಿಕೊಂಡು ಹತ್ತಿದ. ಹಳೆಯ ಒಗಟುಗಳ ಜೊತೆ ಮೂರನೆಯದೂ ಬಂತು. "ಬಿದ್ದವರಲ್ಲಿ ಸುಳ್ಳು ಹೇಳದವರು ಯಾರು?"

"ಅದನ್ನೇ ಮೊದಲು ಹೇಳುತ್ತೇನೆ, ಅಮ್ಮಣ್ಣಿ. ಸತ್ತವರು. ಮಿಕ್ಕಿದ್ದೆಲ್ಲ ಅವರೇ ಹೇಳಿಕೊಟ್ಟದ್ದು. ಗಡಿಗೆ ಮುರಿಯದಿದ್ದರೆ ಮನುಷ್ಯ ಮುರಿಯುತ್ತಾನೆ. ಅದಕ್ಕೆ ಗಡಿಗೆಯ ತಳ ಮುರಿಯಬೇಕು. ಜೇನುಹುಟ್ಟಿನಂತೆ ತೆಳು ತಗಡಿನ ಗೂಡು ಹೆಣೆದರೆ ಅದು ನಜ್ಜಾಗಿ ಪೆಟ್ಟು ನುಂಗುತ್ತದೆ. ಹಾಸಿಗೆ ಮೆತ್ತಗಿರಬಾರದು, ಮಲಗುವವನ ಬೆನ್ನಿನ ಅಚ್ಚಿನಲ್ಲೇ ಎರಕ ಹೊಯ್ದಿರಬೇಕು. ನನ್ನ ಅಚ್ಚಿನಲ್ಲಿ ನೀವು ಮಲಗಿದರೆ ಉಳಿಯುವುದಿಲ್ಲ."

ಹಾಗೆಯೇ ಕಟ್ಟಿದರು. ಮುದ್ದೀರ ಅಂಗಾತ ಮಲಗಿದ. ಹಗ್ಗ ಕಡಿದರು.

ಸದ್ದು ಅಡಗಿದಾಗ ಗಡಿಗೆಯ ತಳ ಅಪ್ಪಚ್ಚಿಯಾಗಿತ್ತು. ಬಾಗಿಲು ತೆಗೆಯಲು ಯಾರೂ ಬರಲಿಲ್ಲ. ಆ ಕೆಲಸ ಅವನದೇ ಆಗಿತ್ತಲ್ಲ. ಅವನೇ ಒದ್ದು ತೆಗೆದ.

"ಅರ್ಧ ರಾಜ್ಯ ನಿನ್ನದು. ಮಗಳೂ" ಎಂದ ಅರಸ.

"ರಾಜ್ಯ ಇರಲಿ. ಮಗಳ ಮಾತು, ಅಮ್ಮಣ್ಣಿ ನಕ್ಷತ್ರ ನೋಡಿ ತಿರುಗಿ ಬಂದಮೇಲೆ ಅವರನ್ನೇ ಕೇಳೋಣ. ಇನ್ನು ಮೇಲೆ ಮೊದಲು ಮರಳಿನ ಬೊಂಬೆ ಬೀಳಲಿ, ಮಹಾಸ್ವಾಮಿ."

"ಬೊಂಬೆ ಏನು ಹೇಳೀತು?"

"ಸತ್ತ ಆ ಇಬ್ಬರೂ ಬಾಯಿ ಬಿಟ್ಟು ಹೇಳಿಕೊಟ್ಟಿರಲಿಲ್ಲ."

ಚುಕ್ಕೆದೇವಿ ತಲೆತಗ್ಗಿಸಿದಳು. ತನ್ನ ಅಳತೆಗೆ ತಾನೇ ಬೊಂಬೆ ಹೊಲಿದಳು. ಮರುದಿನ ಅದು ಮುದ್ದೀರನ ಅಚ್ಚಿನ ಗಡಿಗೆಯಲ್ಲಿ ಬಿದ್ದು ಹರಿಯಿತು. ಮುದ್ದೀರ ಎಂದಿನಂತೆ ಒಳಗೆ ಕೈಹಾಕಿ ಎತ್ತಿ, ತೊಳೆಯಲು ಕೂತ. ಕೈಗೆ ಬರೀ ಮರಳು ಅಂಟಿತ್ತು.