ಫಕೀರವ್ವ ಜಗಿಯದ ಎಲೆ

ಇದನ್ನು ಮೊದಲು ಹೇಳಿದವಳು ನಮ್ಮ ಸೋದರತ್ತೆ ಹಾಲವ್ವ. ನಿನಗೆ ಯಾರು ಹೇಳಿದರು ಎಂದು ಕೇಳಿದರೆ, "ಕತಿ ಕೇಳ್ತೀಯೋ, ಕತಿಯ ಕುಲಾ ಕೇಳ್ತೀಯೋ?" ಎಂದು ಗದರುತ್ತಿದ್ದಳು. ಆದ್ದರಿಂದ ಕತೆಯನ್ನೇ ಕೇಳಿ.

ಬಹಳ ಹಿಂದೆ, ಹೊಳೆದಂಡೆಯ ಬಳ್ಳಿಕೊಪ್ಪವೆಂಬ ಒಂದೂರಲ್ಲಿ, ಫಕೀರವ್ವ ಎಂಬ ವೀಳ್ಯದೆಲೆ ಮಾರುವವಳಿದ್ದಳಂತೆ. ತಲೆಯ ಮೇಲೆ ಎಲೆಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಅರಿವೆ, ಬಾಯಲ್ಲಿ ಒಂದೆಲೆ. ಆ ಬಾಯಿ ನಿಂತದ್ದನ್ನು ಕಂಡವರೇ ಇರಲಿಲ್ಲವಂತೆ. ಮಗಳ ಮದುವೆಯಲ್ಲಿ ತಲೆಗೆ ಅಕ್ಕಿಕಾಳು ಹಾಕುವಾಗಲೂ ಜಗಿದಳು. ಹೊಳೆ ಉಕ್ಕಿ ಹಿತ್ತಲಗೋಡೆ ಕೊಚ್ಚಿಕೊಂಡು ಹೋಗುವಾಗ ಸೊಂಟಕ್ಕೆ ಕೈಕೊಟ್ಟು ನೋಡುತ್ತ ಜಗಿದಳು. ಊರ ಬಯಲಾಟದಲ್ಲಿ ರಕ್ಕಸ ಸಾಯುವಾಗ ಹೆಂಗಸರೆಲ್ಲ ಹೋ ಎಂದು ಎದೆ ಹಿಡಿದುಕೊಂಡರೆ, ಈಕೆ ಸುಣ್ಣ ಸಾಲದೆಂದು ಡಬ್ಬಿ ಹುಡುಕುತ್ತಿದ್ದಳು. ಆಟದ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅದರ ಮಾತೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಮುಂದೇನಾಗುತ್ತದೆಂದು ಗೊತ್ತಿದ್ದ ಮೇಲೆ ದವಡೆಗೆ ಯಾಕೆ ಬಿಡುವು ಕೊಡಬೇಕು?

ಅದೇ ಊರಲ್ಲಿ ಕುಂಬಾರರ ಸೊಸೆ ದ್ಯಾಮಕ್ಕ ಇದ್ದಳು. ಅಕ್ಷರ ಎಲ್ಲಿ ಕಲಿತಳೋ, ಯಾರೂ ಹೇಳುವುದಿಲ್ಲ. ಬರೆಯಲು ಹಾಳೆ ಇರಲಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಮಡಕೆ ಸುಡುವ ಆವಿಗೆಯಲ್ಲಿ ಒಡೆದ ಚೂರುಗಳ ಮೇಲೆ ಆಕೆ ಇದ್ದಿಲಿನಿಂದ ನಾಟಕ ಬರೆಯುತ್ತಿದ್ದಳಂತೆ. ಅಂಥ ಚೂರಿಗೆ ನಮ್ಮ ಕಡೆ ಬೋಕಿ ಅನ್ನುತ್ತಾರೆ. ಬೋಕಿ ತುಂಬಿತು ಅಂದರೆ ನಾಟಕ ಮುಗಿಯಿತು. ದ್ಯಾಮಕ್ಕನ ನಾಟಕಗಳು ಅಷ್ಟು ಚಿಕ್ಕವಾಗಿದ್ದುದಕ್ಕೆ ಓದಿಕೊಂಡವರು ಏನೇನೋ ಕಾರಣ ಕೊಟ್ಟಾರು. ಹಾಲವ್ವತ್ತೆಯ ಪ್ರಕಾರ ಇದೊಂದೇ ಕಾರಣ.

ಆಟದ ಕಟ್ಟೆ ಅಡಿವೆಪ್ಪನ ಕೈಯಲ್ಲಿತ್ತು. ಊರಿಗೆಲ್ಲ ಆಟ ಕಲಿಸುವ ಗುರು ಅವನು. ದ್ಯಾಮಕ್ಕ ಕಟ್ಟೆ ಕೇಳಲು ಹೋದಾಗ ಅವನು ಬೋಕಿಯನ್ನು ತಿರುಗಿಸಿ ಮುರುಗಿಸಿ ನೋಡಿದನಂತೆ. ರಾಜನಿಲ್ಲ, ರಕ್ಕಸನಿಲ್ಲ, ಒಂದು ಹಾಡೂ ಇಲ್ಲ.

"ಇದನ್ನ ನಾಟಕಾ ಅಂತಾರೇನ ಬೇ? ನಾಟಕದ ಚೂರು ಇದು!"

"ಚೂರೇ ರೀ ಗುರುಗಳ. ಚುಚ್ಚತೈತಿ, ಜ್ವಾಕಿ!"

ಅಡಿವೆಪ್ಪನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಮಧ್ಯಾಹ್ನ ಕಟ್ಟೆ ಬಿಟ್ಟುಕೊಟ್ಟನಂತೆ, ಆದರೆ ಒಂದು ಕರಾರಿನ ಮೇಲೆ. ಜನ ಇದನ್ನು ಆಟವೆಂದು ಒಪ್ಪಬೇಕು. ಒಪ್ಪದಿದ್ದರೆ ಅವಳ ಬೋಕಿಗಳೆಲ್ಲ ಅವನ ದನದ ಕೊಟ್ಟಿಗೆಯ ರಾಡಿಗೆ ಹಾಸಾಗಬೇಕು, ಮುಂದೆಂದೂ ಆ ಕಟ್ಟೆಯ ಮೇಲೆ ಹೊಸ ಆಟದ ಮಾತೆತ್ತಬಾರದು. ದ್ಯಾಮಕ್ಕ ಹೂಂ ಅಂದಳು. ಬರೆದದ್ದನ್ನೆಲ್ಲ ಒಂದು ಬುಟ್ಟಿಗೆ ತುಂಬಿ ತಂದು ಕಟ್ಟೆಯ ಅಂಚಿಗೆ ಇಟ್ಟಳು.

ಫಕೀರವ್ವ ಮುಂದಿನ ಸಾಲಿನಲ್ಲೇ ಕುಳಿತಳು. ಆಟ ನೋಡುವುದಕ್ಕಲ್ಲ, ಜನ ಸೇರಿದರೆ ಎಲೆ ಖರ್ಚಾಗುತ್ತದೆಂದು. ಸುಡುವ ಬಿಸಿಲು. ಹೊತ್ತು ಹೊತ್ತಿಗೆ ಬುಟ್ಟಿಗೆ ನೀರು ಚಿಮುಕಿಸದಿದ್ದರೆ ಎಲೆ ಬಾಡುತ್ತದೆಂದು ನೀರಿನ ತಂಬಿಗೆಯನ್ನು ಪಕ್ಕಕ್ಕೇ ಇಟ್ಟುಕೊಂಡಳು. ಹೊಸ ಎಲೆಗೆ ಸುಣ್ಣ ಸವರಿ, ಅಡಿಕೆಯ ಹೋಳಿಟ್ಟು ಮಡಚಿ, ಬಾಯಿಗೆ ಹಾಕಿಕೊಂಡಳು.

ಆಟ ಶುರುವಾಯಿತು. ಒಂದು ಬಾವಿ, ಮಾತು ಬಿಟ್ಟ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣನ ಹೆಂಡತಿ ಮತ್ತು ತಮ್ಮನ ಹೆಂಡತಿ. ಹಗ್ಗ ಒಬ್ಬಳದು, ಕೊಡ ಇನ್ನೊಬ್ಬಳದು. ಹಿರಿಯಳಾಗಿ ನಿಂತವನು ಕಮ್ಮಾರ ಸಿದ್ರಾಮ. ಮೀಸೆ ಬೋಳಿಸಲು ಒಪ್ಪದೆ ಸೆರಗು ಅಡ್ಡ ಹಿಡಿದುಕೊಂಡಿದ್ದ. ಅವನು ಕೊಡದ ಕಡೆ ತಿರುಗಿ ಹೇಳಿದ: "ಏ ಕೊಡವ್ವಾ, ಹಗ್ಗ ಇದ್ದೋರಿಗೆ ಭಾಳ ಸೊಕ್ಕು ಅಂತ ಹೇಳ!" ಕಿರಿಯಳು ಹಗ್ಗಕ್ಕೆ ಹೇಳಿದಳು: "ಹಗ್ಗಪ್ಪಾ, ಬಾಯಾರಿದೋರ ಬಾಯಿ ಇನ್ನೂ ಒಣಗಿಲ್ಲ ಅಂತ ಹೇಳ!"

ಜನ ನಕ್ಕರು. ನಗುನಗುತ್ತಲೇ ಹೆಂಗಸರೆಲ್ಲ ತಂತಮ್ಮ ನೆಗೆಣ್ಣಿ ಎಲ್ಲಿ ಕುಳಿತಿದ್ದಾಳೆಂದು ಓರೆಗಣ್ಣಲ್ಲಿ ನೋಡಿದರಂತೆ. ಬರಬರುತ್ತ ನಗು ಸಣ್ಣದಾಯಿತು. ಕೊಡಕ್ಕೆ ಹಗ್ಗ ಬಿತ್ತು. ಕೊಡ ಬಾವಿಗಿಳಿಯಿತು. ತುಂಬಿದ ಕೊಡ ಒಬ್ಬಳಿಂದ ಮೇಲೇಳಲಿಲ್ಲ. ಇನ್ನೊಬ್ಬಳು ಬಂದು ಹಿಂದಿನಿಂದ ಹಗ್ಗ ಹಿಡಿದಳು. ಇಬ್ಬರೂ ಜಗ್ಗಿದರು, ಮಾತಿಲ್ಲ. ಜಗ್ಗಿದರು, ಮಾತಿಲ್ಲ. ಇನ್ನೇನು, ಹಿರಿಯಳ ತುಟಿ ಅಲುಗಿತು…

ಅಷ್ಟೇ. ಬೋಕಿ ಅಲ್ಲಿಗೆ ತುಂಬಿತ್ತು. ಇಬ್ಬರೂ ಹಗ್ಗ ಕೆಳಗಿಟ್ಟು ಕೈಮುಗಿದು ಒಳಗೆ ಹೋದರು.

ಒಬ್ಬರೂ ಏಳಲಿಲ್ಲ. ಆ ನಾಡಿನಲ್ಲಿ ಮಂಗಳದ ಹಾಡು ಹಾಡದೆ ಆಟ ಮುಗಿಯುತ್ತಿರಲಿಲ್ಲ, ಅದಕ್ಕಿಂತ ಮುಂಚೆ ಎದ್ದರೆ ಮನೆಗೆ ಒಳ್ಳೆಯದಾಗುತ್ತಿರಲಿಲ್ಲ. ಮಂಗಳ ಬರೆಯಲು ದ್ಯಾಮಕ್ಕನ ಬೋಕಿಯಲ್ಲಿ ಜಾಗವೇ ಇರಲಿಲ್ಲ. ಜನ ಕುಳಿತೇ ಇದ್ದರು. ನೆರಳು ಒಂದು ಮಾರು ಸರಿಯಿತು, ಕುಳಿತೇ ಇದ್ದರು. ಕಡೆಗೆ ಹಿಂದಿನಿಂದ ಯಾರೋ ಕೂಗಿದರು: "ಕೊಡಾ ಮ್ಯಾಲ ಬಂತೋ ಇಲ್ಲೋ ಮಾರಾಯ್ತೀ?"

ಅಡಿವೆಪ್ಪ ಕಟ್ಟೆ ಹತ್ತಿದ. ಮುಗಿದದ್ದೇ ತಿಳಿಯದ್ದು ಆಟ ಹೇಗಾದೀತು, ಜನ ಒಪ್ಪಲಿಲ್ಲ, ಮಾತು ಮಾತೇ ಎಂದು ಬೋಕಿಯ ಬುಟ್ಟಿಗೆ ಕೈಹಾಕಿ ಎತ್ತಿಬಿಟ್ಟ. ದ್ಯಾಮಕ್ಕ ಕಂಬ ಹಿಡಿದು ನಿಂತಿದ್ದಳು, ಮುಖ ಇದ್ದಿಲಾಗಿತ್ತು.

ಫಕೀರವ್ವನಿಗೆ ಬೇಡ ಅನ್ನಬೇಕೆನಿಸಿತು. ಬಾಯಿ ತೆರೆಯಲು ಹೋದರೆ ಏನೋ ಅಡ್ಡ. ನಾಲಿಗೆಯಿಂದ ತಡವಿದಳು. ಮೆತ್ತಗೆ, ಮಡಿಕೆ ಮಡಿಕೆಯಾಗಿ ಇತ್ತು. ಒಂದು ಗಳಿಗೆ ಅದೇನೆಂದೇ ತಿಳಿಯಲಿಲ್ಲ. ಎಷ್ಟೋ ವರ್ಷಗಳಿಂದ ಅವಳ ನಾಲಿಗೆ ಅಂಥದ್ದನ್ನು ಮುಟ್ಟಿರಲಿಲ್ಲ. ಬೆರಳು ಹಾಕಿ ಹೊರಗೆಳೆದು ಬಿಚ್ಚಿದಳು. ಎಲೆ ಇಡಿಯಾಗಿತ್ತು. ಅಡಿಕೆ ಇಡಿಯಾಗಿತ್ತು. ಸುಣ್ಣದ ಗೆರೆ ಕೂಡ ಬೆಳ್ಳಗೇ ಇತ್ತಂತೆ.

ಆಮೇಲೆ ತನ್ನ ಬುಟ್ಟಿಯ ಕಡೆ ನೋಡಿದಳು. ಅರಿವೆ ಒಣಗಿ ಗರಿಗರಿಯಾಗಿತ್ತು. ತಂಬಿಗೆಯ ನೀರು ತಂಬಿಗೆಯಲ್ಲೇ ಇತ್ತು. ಬುಟ್ಟಿಯ ಎಲೆಯೆಲ್ಲ ಬಾಡಿ, ಬಾಯಿಯ ಎಲೆಯೊಂದೇ ಹಸಿರಾಗಿತ್ತು.

ಆಕೆ ಎದ್ದು ನಿಂತಳು. ಮಂಗಳಕ್ಕೆ ಮುಂಚೆ ಎದ್ದ ಮೊದಲ ಹೆಣ್ಣು ಅವಳೇ ಅನ್ನುತ್ತಾರೆ.

"ಅಡಿವೆಪ್ಪಾ, ಬುಟ್ಟಿ ಇಳಸು. ನಿನ್ನ ರಕ್ಕಸರು ಮೂರು ಮಂದಿ ಸತ್ತರೂ ನನ್ನ ದವಡಿ ನಿಂತಿದ್ದಿಲ್ಲ. ಇಕಿ ಒಂದು ಕೊಡಾ ಬಾವ್ಯಾಗ ಬಿಟ್ಟು ನಿಲ್ಲಿಸ್ಯಾಳ!"

ಎಲೆಯನ್ನು ಎತ್ತಿ ಊರಿಗೆಲ್ಲ ತೋರಿಸಿದಳು. ಜನ ಎಲೆ ನೋಡಿದರು, ಫಕೀರವ್ವನ ಬಾಯಿ ನೋಡಿದರು. ಅದು ನಿಜವಾಗಿಯೂ ನಿಂತಿತ್ತು! ಊರಿಗೆ ಊರೇ ಹೋ ಎಂದು ಎದ್ದಿತಂತೆ. ಆಕೆ ಎಲೆಯನ್ನು ಕಟ್ಟೆಯ ಅಂಚಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಕುಳಿತು ಕೇಳಿದಳು:

"ದ್ಯಾಮಕ್ಕಾ, ಇನ್ನೊಂದು ಬೋಕಿ ಐತೇನು?"

ಇತ್ತು. ಅದಾದ ಮೇಲೆ ಮತ್ತೊಂದು. ಹೊತ್ತು ಮುಳುಗುವುದರೊಳಗೆ ಮೂರು ಬೋಕಿ ಆಡಿದರಂತೆ. ಅಡಿವೆಪ್ಪನೂ ಕುಳಿತು ನೋಡಿದ. ಕೊನೆಗೆ ಯಾರಿಗೂ ಕೇಳಿಸದಂತೆ ದ್ಯಾಮಕ್ಕನ ಹತ್ತಿರ ಬಂದು, ಆ ಕೊಡ ಮೇಲೆ ಬಂತೇನು ಎಂದು ವಿಚಾರಿಸಿದನಂತೆ. "ನಿಮ್ಮನಿ ನೆಗೆಣ್ಣೇರನ್ನ ಕೇಳ್ರಿ ಗುರುಗಳ" ಅಂದಳಂತೆ ಅವಳು.

ಆಮೇಲೆ ಫಕೀರವ್ವ ಎಲೆ ಮಾರಲು ಹೋದ ಊರಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು, ನಿಮ್ಮಲ್ಲಿ ಹೊಸದಾಗಿ ಯಾರು ಬರೆಯುತ್ತಿದ್ದಾರೆ ಎಂದು. ಅವಳು ಬರುತ್ತಾಳೆಂದರೆ ಬರೆಯುವವರು ಬರೆದದ್ದನ್ನು ಮತ್ತೊಮ್ಮೆ ತಿದ್ದಲು ಕೂರುತ್ತಿದ್ದರಂತೆ. ಚೆನ್ನಾಗಿಲ್ಲದಿದ್ದರೆ ಬಯ್ಯುತ್ತಿರಲಿಲ್ಲ, ಸುಮ್ಮನೆ ಜಗಿಯುತ್ತಿದ್ದಳು. ಅದಕ್ಕಿಂತ ಬಯ್ದರೇ ವಾಸಿಯಿತ್ತು. ಒಂದೇ ದಿನ ಒಂಬತ್ತು ಊರಲ್ಲಿ ಒಂಬತ್ತು ನಾಟಕ ನೋಡಿದಳೆನ್ನುತ್ತಾರೆ. ಕಟ್ಟೆಯ ಮೇಲಿಟ್ಟ ಆ ಎಲೆ ವರ್ಷವಾದರೂ ಬಾಡಲಿಲ್ಲವೆನ್ನುತ್ತಾರೆ. ನಾನು ಕಾಲೇಜು ಓದಿದವಳು. ಒಂಬತ್ತನ್ನು ನಾಲ್ಕಕ್ಕೆ ಇಳಿಸಬಲ್ಲೆ, ಎಲೆಯ ಮಾತಿಗೆ ಮಾತ್ರ ಕೈಹಚ್ಚುವುದಿಲ್ಲ.

ಇಂದಿಗೂ ಬಳ್ಳಿಕೊಪ್ಪದಲ್ಲಿ ಯಾರೇ ಹೊಸ ಚಿಕ್ಕ ನಾಟಕ ಬರೆದು ಆಡಿಸಲಿ, ನೋಡಲು ಬಂದವರ ಕೈಗೆ ಒಂದೊಂದು ಎಲೆ ಕೊಡುತ್ತಾರೆ. ಮಡಚಿ ಬಾಯಲ್ಲಿಟ್ಟುಕೊಂಡು ಕೂರುತ್ತಾರೆ. ಮುಗಿದ ಮೇಲೆ ಮಂಗಳವಿಲ್ಲ. ಯಾರ ಎಲೆ ಇಡಿಯಾಗಿ ಉಳಿದಿದೆಯೋ ಅವರು ಬಂದು ಕಟ್ಟೆಯ ಅಂಚಿಗಿಡುತ್ತಾರೆ. ಬರೆದವರು ಕಂಬ ಹಿಡಿದು ನಿಂತು ಕಾಯುತ್ತಾರೆ. ಮೊದಲ ಎಲೆ ಬಿದ್ದ ಕೂಡಲೇ ಊರೆಲ್ಲ ಒಂದೇ ದನಿಯಲ್ಲಿ ಕೇಳುತ್ತದೆ, ಇನ್ನೊಂದು ಬೋಕಿ ಐತೇನು ಎಂದು.

ಕೇಳಿದಿರಲ್ಲ, ಇನ್ನು ನಿಮ್ಮ ಸರದಿ. ಮತ್ತೊಬ್ಬರಿಗೆ ಹೇಳಿ. ಒಂಬತ್ತನ್ನು ಹತ್ತು ಮಾಡಿದರೂ ನನ್ನ ತಕರಾರಿಲ್ಲ. ಆದರೆ ಹೇಳುವ ಮುಂಚೆ ಅವರ ಬಾಯಿಗೆ ಒಂದು ಎಲೆ ಕೊಡಿ, ದವಡೆಯ ಮೇಲೆ ಒಂದು ಕಣ್ಣಿಟ್ಟಿರಿ.