ಅಜ್ಜನವರಿಗೆ ಸಿಗದ ಮಜ್ಜಿಗೆ

ಊರಾಚೆ ಹಳ್ಳದ ದಂಡೆಯ ಮೇಲೆ, ಹುಣಸೆಮರದ ಬುಡದಲ್ಲಿ ಒಂದು ಗುಡಿಸಲು. ಪೂಜ್ಯ ಅಡಿವಯ್ಯಜ್ಜನವರ ಮಠವೆಂದರೆ ಅದೇ. ಬೆಳಿಗ್ಗೆ ಒಂದೊಂದು ಓಣಿಯಲ್ಲಿ ಭಿಕ್ಷೆ ಬೇಡಿ, ಬಂದುದನ್ನು ಬಂದವರೊಡನೆ ಹಂಚಿಕೊಂಡು ಪ್ರಸಾದ ಸ್ವೀಕರಿಸುತ್ತಿದ್ದರು.

ಒಂದು ಮಧ್ಯಾಹ್ನ ಶಾವಂತ್ರೆವ್ವನೆಂಬ ಗೃಹಿಣಿ ಏದುಸಿರು ಬಿಡುತ್ತ ಬಂದು ಅವರ ಪಾದಕ್ಕೆರಗಿದಳು. ಕೂತಲ್ಲಿ ಕೂಡಲಾರಳು, ಗಳಿಗೆಗೊಮ್ಮೆ ಊರ ಕಡೆ ತಿರುಗಿ ನೋಡುವಳು. ಹೊಸ್ತಿಲಿಗೆ ಬಂದವರಿಗೆ ಇಲ್ಲವೆನ್ನಬಾರದೆಂದು ತವರಿನಲ್ಲಿ ಕಲಿತು ಬಂದವಳು ಆಕೆ. ಮನೆಯಲ್ಲಿ ಇದ್ದುದು ಒಂದೇ ಆಕಳು, ಮಜ್ಜಿಗೆ ಮಾತ್ರ ಓಣಿಗೆಲ್ಲ ಅವಳದೇ. ಎರಡೆಮ್ಮೆ ಕಟ್ಟಿದ ನೆರೆಮನೆಯ ಬಸಲಿಂಗವ್ವನೂ ದಿನಾ ತಂಬಿಗೆ ಹಿಡಿದು ಬರುವಳು. ಶಾವಂತ್ರೆವ್ವನ ಮಜ್ಜಿಗೆಗೆ ರುಚಿ ಹೆಚ್ಚಂತೆ. ಪುಕ್ಕಟೆ ಮಜ್ಜಿಗೆ, ರುಚಿ ಇಲ್ಲದೆ ಏನು?

ಈಗ ಅವಳ ಅತ್ತೆ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಮಜ್ಜಿಗೆ ಬೆರೆಸಿದ ಅಂಬಲಿಯೊಂದೇ ಆ ಮುದಿಜೀವಕ್ಕೆ ದಕ್ಕುತ್ತಿತ್ತು. ಹಿಂದಿನ ಸಂಜೆ ಬಸಲಿಂಗವ್ವ ಕೇಳಿದಳೆಂದು, ಹೆಪ್ಪಿಗೆಂದು ಇಟ್ಟಿದ್ದ ಕೊನೆಯ ಮಜ್ಜಿಗೆಯನ್ನೂ ಶಾವಂತ್ರೆವ್ವ ಬಗ್ಗಿಸಿ ಕೊಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಹೆಪ್ಪಿಲ್ಲದ ಹಾಲು ಕೆಟ್ಟುಹೋಗಿತ್ತು. ಅತ್ತೆ ಬೈಯಲಿಲ್ಲ. "ನೀರ ಕೊಡವಾ, ಸಾಕು" ಎಂದು ಗೋಡೆಯ ಕಡೆ ಮಗ್ಗುಲಾದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಹೆಪ್ಪು ಕೇಳಿ ತಂದೀನ್ರಿ. ಆದ್ರ ನಾಳೆ ಮತ್ತ ತಂಬಿಗಿ ಹಿಡಕೊಂಡು ಬರ್ತಾರ, ನನಗ ನಾಲಗಿ ಏಳೂದಿಲ್ಲ. ಯಾರೂ ಬರಧಂಗ ಬಾಗಲಿಗೆ ಒಂದು ತಾಯತ ಮಾಡಿಕೊಡ್ರಿ, ಅಜ್ಜಾರ."

"ಅದು ನನ್ನಿಂದ ಆಗೂದಿಲ್ಲ, ತಂಗಿ" ಎಂದರು ಅಜ್ಜನವರು. "ಬಿಸಿಲಾಗ ಬಂದೀ, ನೀರು ಕುಡಿ." ತಾವೇ ಎದ್ದು ಗಡಿಗೆಯಿಂದ ನೀರು ತಂದುಕೊಟ್ಟರು. ಅವಳು ಕುಡಿದಾದ ಮೇಲೆ ಕೇಳಿದರು: "ತಾಯತ ಕೊಡಲಿಲ್ಲಂತ ನನ್ನ ಮ್ಯಾಲೆ ಸಿಟ್ಟು ಬಂತೇನು?"

ಸಿಟ್ಟು ಬಂದಿರಲಿಲ್ಲ. ಅದು ಹೇಗೆಂದು ಯೋಚಿಸುತ್ತಲೇ ಅವಳು ಮನೆಗೆ ಹೋದಳು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಕಡೆಯಲು ಕೂತರೂ ಕಿವಿಯೆಲ್ಲ ಬಾಗಿಲ ಕಡೆಗೇ.

ಬಾಗಿಲಲ್ಲಿ ನಿಂತವರು ಅಜ್ಜನವರು. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಬಟ್ಟಲು.

"ಒಂದೀಟು ಮಜ್ಜಿಗಿ ನೀಡವಾ."

ಶಾವಂತ್ರೆವ್ವ ಕಡೆಯುವುದನ್ನು ಬಿಟ್ಟು ಎದ್ದಳು. ಗಡಿಗೆಯಲ್ಲಿದ್ದುದು ಅತ್ತೆಗೆ ಸಾಲುವಷ್ಟೇ. ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಗುರುವಿಗೇ ಇಲ್ಲವೆಂದರೆ ಯಾವ ನರಕವೋ ಎಂದು ಹೆದರಿದಳು. ಕೊನೆಗೆ ಬಿಸಿರೊಟ್ಟಿ ಹಿಡಿದು ಅವರೆದುರು ನಿಂತಳು.

"ತಪ್ಪು ತಿಳೀಬ್ಯಾಡ್ರಿ, ಅಜ್ಜಾರ. ಇವತ್ತಿನ ಮಜ್ಜಿಗಿ ನಮ್ಮತ್ತಿಗೆ ಬೇಕು. ನಿಮಗ ಕೊಡಾಕ ಆಗೂದಿಲ್ರಿ. ರೊಟ್ಟಿ ತಗೊಳ್ರಿ."

ಅಜ್ಜನವರು ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡರು. "ಇವತ್ತಿನ ಭಿಕ್ಷಾ ತುಂಬಿತವಾ" ಎಂದವರೇ ಮತ್ತೊಂದು ಮನೆಯ ಮುಂದೆ ನಿಲ್ಲದೆ ಮಠದ ಕಡೆಗೆ ನಡೆದರು. ತಂಬಿಗೆ ಹಿಡಿದು ಅವರ ಹಿಂದೆಯೇ ನಿಂತಿದ್ದ ಬಸಲಿಂಗವ್ವ ಎಲ್ಲವನ್ನೂ ನೋಡಿದ್ದಳು. ಅಜ್ಜನವರಿಗೇ ಸಿಗದುದನ್ನು ಯಾವ ಬಾಯಲ್ಲಿ ಕೇಳುವುದು? ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದಳು.

ಒಳಗೆ ಅತ್ತೆ ಅಂಬಲಿಯ ಬಟ್ಟಲು ಹಿಡಿದು ಕೇಳಿದರು: "ಯಾರು ಬಂದಿದ್ರವಾ?"

"ಅಜ್ಜಾರು. ಮಜ್ಜಿಗಿ ಕೇಳಿದ್ರು. ಆಗೂದಿಲ್ಲ ಅಂದೆ."

ಮುದುಕಿ ಸೊಸೆಯ ಮುಖವನ್ನೇ ನೋಡಿದರು. ಆ ಮುಖದಲ್ಲಿ ನಿನ್ನೆಯ ತಳಮಳವಿರಲಿಲ್ಲ. ಅಂಬಲಿಯನ್ನು ಪೂರ್ತಿ ಕುಡಿದು, ಬಟ್ಟಲನ್ನು ಮತ್ತೆ ಮುಂದೆ ಚಾಚಿದರು.