ಬಾವಲಿ ತೋರಿಸಿದ ಹೊರದಾರಿ

ಕಣಿವೆಯ ಗುಹೆ ತೋರಿಸಲು ಬಾವಲಿಯೊಂದು ಮೇಕೆ, ಮೊಲ, ಮುಳ್ಳುಹಂದಿಗಳನ್ನು ಒಳಗೆ ಕರೆದೊಯ್ದಿತು. ಅರ್ಧ ದಾರಿಯಲ್ಲಿ, ಗುಹೆಯೊಳಗೆ ಹರಿಯುವ ತೊರೆ ಉಕ್ಕಿ, ಬಂದ ದಾರಿ ಮುಳುಗಿತು. ನೀರು ಮೊಲದ ಹೊಟ್ಟೆ ಮುಟ್ಟಿತು.

“ಗಾಬರಿ ಬೇಡ, ಮಹನೀಯರೇ,” ಎಂದಿತು ಬಾವಲಿ. “ಹೊರದಾರಿ ಇನ್ನೊಂದಿದೆ. ನಾನು ದಿನಾ ಅದರಲ್ಲೇ ಹೋಗುತ್ತೇನೆ.”

“ಎಲ್ಲಿ?” ಎಂದಿತು ಮೊಲ.

ಬಾವಲಿ ಗುಹೆಯ ನೆತ್ತಿಯಲ್ಲಿದ್ದ ಕಿಂಡಿಯನ್ನು ತೋರಿಸಿತು.

“ನಮಗೆ ರೆಕ್ಕೆ ಎಲ್ಲಿದೆ, ಮಾರಾಯ?” ಎಂದಿತು ಮುಳ್ಳುಹಂದಿ.

“ದಾರಿ ತೋರಿಸುವುದಷ್ಟೇ ನನ್ನ ಕೆಲಸ.”

ನೀರು ಮೊಲದ ಕತ್ತಿಗೆ ಬಂತು. ಮೇಕೆ ಮೇಲೆ ನೋಡಿ ಕೇಳಿತು: “ಸ್ವಾಮಿ, ಹಿಂದೆ ಹೀಗೆ ಸಿಕ್ಕಿಕೊಂಡವರೂ ಇದರಲ್ಲೇ ಹೋದರೇ?”

“ಹೋಗಿರಬೇಕು,” ಎಂದಿತು ಬಾವಲಿ, ರೆಕ್ಕೆ ಬಿಚ್ಚುತ್ತ. “ಇದುವರೆಗೆ ಒಬ್ಬರೂ ಬಂದು ದೂರು ಹೇಳಿಲ್ಲ.”